ಸೊನ್ನೆ ಬಿಲ್ಲಿನ ಲೆಕ್ಕ

ಕಳೆದ ವಾರ ನಡುಮನೆಯಲ್ಲಿ ಯಾರೂ ಇಲ್ಲದಿದ್ದರೂ ಫ್ಯಾನು ತಿರುಗುತ್ತಿತ್ತು, ದೀಪಗಳು ಉರಿಯುತ್ತಿದ್ದವು. ಮೊಮ್ಮಗನನ್ನು ಕರೆದು ಕೇಳಿದೆ. ಅವನು ನಿರಾಳವಾಗಿ, "ಇರ್ಲಿ ಬಿಡ್ರಿ ಅಜ್ಜಾ, ಬಿಲ್ಲು ಹೆಂಗೂ ಸೊನ್ನೀನ ಬರತೈತಿ" ಎಂದನು. ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಬಿಲ್ಲು ಸೊನ್ನೆಯೆಂಬುದು ನಿಜ. ಆದರೆ ವೆಚ್ಚವೂ ಸೊನ್ನೆಯೆ?

ರಾಜ್ಯ ಸರ್ಕಾರವು 2023ರಲ್ಲಿ ಗೃಹಜ್ಯೋತಿ ಯೋಜನೆಯನ್ನು ಜಾರಿಗೆ ತಂದಿತು. ತಿಂಗಳಿಗೆ 200 ಯೂನಿಟ್‌ಗಳ ಮೇಲ್ಮಿತಿಯೊಳಗೆ, ಪ್ರತಿ ಮನೆಯ ಹಿಂದಿನ ಸರಾಸರಿ ಬಳಕೆಯನ್ನು ಆಧರಿಸಿ ಉಚಿತ ವಿದ್ಯುತ್ತಿನ ಪ್ರಮಾಣವನ್ನು ಗೊತ್ತುಪಡಿಸಿತು. ಬಡ ಸಂಸಾರಗಳಿಗೆ ಇದು ದೊಡ್ಡ ಆಸರೆ. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಅದೇ ವರ್ಷ ನಾಡಿಗೆ ಬರ ಬಂದಿತು. ಜಲಾಶಯಗಳು ತುಂಬಲಿಲ್ಲ, ವಿದ್ಯುತ್ತಿನ ಅಭಾವ ತಲೆದೋರಿತು. ಪಂಪುಸೆಟ್ಟಿಗೆ ವಿದ್ಯುತ್ತು ಸಾಲದೆ, ಒಣಗುವ ಬೆಳೆಯನ್ನು ಕಂಡು ರೈತರು ಬೀದಿಗಿಳಿದರು. ನಡುಮನೆಯಲ್ಲಿ ವ್ಯರ್ಥವಾಗುವ ವಿದ್ಯುತ್ತೂ ಹೊಲಕ್ಕೆ ಹರಿಯುವ ವಿದ್ಯುತ್ತೂ ಒಂದೇ ಮೂಲದ್ದು ಎಂಬುದನ್ನು ನಾವು ಮರೆಯಲಾಗದು.

ಈ ವಿಷಯದಲ್ಲಿ ಸರ್ಕಾರವು ಕೈಕಟ್ಟಿ ಕುಳಿತಿಲ್ಲ. 2001ರಲ್ಲಿ ಇಂಧನ ಸಂರಕ್ಷಣಾ ಕಾಯಿದೆ ಬಂದಿತು; 2002ರಲ್ಲಿ ಇಂಧನ ದಕ್ಷತಾ ಬ್ಯೂರೋ ಸ್ಥಾಪನೆಯಾಯಿತು; 2006ರಲ್ಲಿ ಉಪಕರಣಗಳ ಮೇಲೆ ನಕ್ಷತ್ರ ಚೀಟಿ ಅಂಟಿಸುವ ಪದ್ಧತಿ ಆರಂಭವಾಯಿತು. 2015ರ ಉಜಾಲಾ ಯೋಜನೆಯಿಂದ ಎಲ್‌ಇಡಿ ಬಲ್ಬುಗಳು ಅಗ್ಗದ ದರದಲ್ಲಿ ಮನೆಮನೆಗೆ ತಲುಪಿದವು. 2023ರಿಂದ ಸೀಲಿಂಗ್ ಫ್ಯಾನುಗಳಿಗೂ ನಕ್ಷತ್ರ ಚೀಟಿ ಕಡ್ಡಾಯವಾಯಿತು.

ಇದರ ಲಾಭವನ್ನು ಲೆಕ್ಕದಿಂದಲೇ ತಿಳಿಯಬಹುದು. 60 ವಾಟಿನ ಹಳೆಯ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್ ಬೇಕು. 9 ವಾಟಿನ ಎಲ್‌ಇಡಿಗೆ ಒಂದೂವರೆ ಯೂನಿಟ್ಟೂ ಬೇಡ. 75 ವಾಟಿನ ಫ್ಯಾನು ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. 30 ವಾಟಿನ ಹೊಸ ಬಗೆಯ ಫ್ಯಾನಿಗೆ 11 ಯೂನಿಟ್ಟಿನೊಳಗೇ ಮುಗಿಯುತ್ತದೆ.

ಗೃಹಸ್ಥರಿಗೆ ಒಂದು ಎಚ್ಚರಿಕೆಯ ಮಾತು. ನಕ್ಷತ್ರಗಳನ್ನು ಮಾತ್ರ ಎಣಿಸಿ ಮೋಸಹೋಗಬೇಡಿರಿ. ಅಳತೆಗೋಲನ್ನು ಆಗಾಗ ಬಿಗಿಗೊಳಿಸುವುದರಿಂದ ಅಂದಿನ ಐದು ನಕ್ಷತ್ರದ ಫ್ರಿಜ್ಜು ಇಂದು ಅಷ್ಟೇ ನಕ್ಷತ್ರಗಳಿಗೆ ಅರ್ಹವಾಗದಿರಬಹುದು. ಚೀಟಿಯಲ್ಲಿ ನಮೂದಿಸಿದ ಅವಧಿಯನ್ನೂ ವಾರ್ಷಿಕ ಯೂನಿಟ್‌ಗಳನ್ನೂ ಓದಿಯೇ ಕೊಳ್ಳಿರಿ.

ಆದರೆ ಕಾಯಿದೆಯು ಉಪಕರಣವನ್ನು ತಿದ್ದಬಲ್ಲುದೇ ಹೊರತು ಗುಂಡಿ ಒತ್ತುವ ಕೈಯನ್ನಲ್ಲ. ಆ ಕೆಲಸ ಮನೆಯ ಹಿರಿಯರದು. ಅಂದು ಸಂಜೆ ಮೊಮ್ಮಗನ ಕೈಗೆ ಬಿಲ್ಲನ್ನು ಕೊಟ್ಟು ಓದಿಸಿದೆನು. ಕಟ್ಟಬೇಕಾದ ಹಣದ ಎದುರು ಸೊನ್ನೆಯಿತ್ತು. ಬಳಸಿದ ಯೂನಿಟ್‌ಗಳ ಎದುರು ಸೊನ್ನೆಯಿರಲಿಲ್ಲ.