ನಗಿಸಿದ ಚಿತ್ರಗಳಿಗೆ ಹಿಂದಿನ ಬೆಂಚು ಏಕೆ?

ಹಳೆಯ ಸಿನಿಮಾದ ಮಾತು ಬಂದರೆ ಸಾಕು, ನಮ್ಮಲ್ಲಿ ತೀರ್ಪು ಮೊದಲೇ ಸಿದ್ಧವಾಗಿರುತ್ತದೆ. ಬಡತನ, ಜಾತಿ, ಶೋಷಣೆಗಳನ್ನು ಗಂಭೀರವಾಗಿ ತೋರಿಸಿದ್ದು ಕಲೆ. ನಗಿಸಿದ್ದು ಬರೀ ಹೊತ್ತು ಕಳೆಯುವ ಸರಕು. ಮಲೇಷ್ಯಾದ ಸುಬಾಂಗ್ ಜಯಾದ ನಾವು ಕೆಲವು ಕನ್ನಡ ಕುಟುಂಬಗಳು ಮಕ್ಕಳಿಗೆ ಒಂದು ಕನ್ನಡ ಚಿತ್ರ ತೋರಿಸೋಣವೆಂದು ಮಾತಿಗೆ ಕೂತಾಗಲೂ ಇದೇ ವಾದ ಎದ್ದಿತು. "ನಗಿಸೋ ಸಿನಿಮಾ ಮನೇಲೇ ನೋಡ್ಕೊಳ್ಳಲಿ ಬಿಡಿ ಸಾರ್, ನಾಲ್ಕು ಜನ ಸೇರಿದಾಗ ‘ಚೋಮನ ದುಡಿ’ಯಂಥದ್ದು ತೋರಿಸಬೇಕು" ಎಂದರು ಹಿರಿಯರೊಬ್ಬರು. ‘ಚೋಮನ ದುಡಿ’ ದೊಡ್ಡ ಚಿತ್ರ, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಇರುವುದು ಆ ಮಾತಿನ ಮೊದಲ ಅರ್ಧದ ಮೇಲೆ. ನಗೆಚಿತ್ರವನ್ನು ಮನೆಯ ಮೂಲೆಗೆ ಕಳಿಸುವ ಈ ಶ್ರೇಣಿ ಸಿನಿಮಾಕ್ಕೂ ಸಮಾಜಕ್ಕೂ ಮಾಡುವ ಅನ್ಯಾಯ.

ನಾವಿರುವ ಈ ನೆಲದಲ್ಲೇ ಇದಕ್ಕೆ ಒಳ್ಳೆಯ ಸಾಕ್ಷಿಯಿದೆ. ಮಲಯ ಚಿತ್ರರಂಗದ ಮೇರುವ್ಯಕ್ತಿ ಪಿ. ರಾಮ್ಲಿ 1929ರಲ್ಲಿ ಪೆನಾಂಗ್‌ನಲ್ಲಿ ಹುಟ್ಟಿದವರು. ನಟ, ಗಾಯಕ, ಸಂಗೀತ ನಿರ್ದೇಶಕ, ನಿರ್ದೇಶಕ ಎಲ್ಲವೂ ಅವರೇ. ಸಿಂಗಪುರದ ಜಾಲಾನ್ ಅಂಪಾಸ್‌ನಲ್ಲಿದ್ದ ಶಾ ಸಹೋದರರ ಸ್ಟುಡಿಯೊದಲ್ಲಿ ಅವರು ಬೆಳೆದರು. ಆ ಕಾಲದ ಮಲಯ ಚಿತ್ರಗಳಿಗೆ ಭಾರತದಿಂದ ಬಂದ ನಿರ್ದೇಶಕರ ದುಡಿಮೆ ದೊಡ್ಡದು. ‘ಅಣ್ಣ ತಂಗಿ’ಯ ನಿರ್ದೇಶಕರಾದ ನಮ್ಮ ಕು.ರಾ. ಸೀತಾರಾಮ ಶಾಸ್ತ್ರಿಗಳೂ ಅವರಲ್ಲಿ ಒಬ್ಬರು. ರಾಮ್ಲಿ ಎರಡೂ ಬಗೆಯ ಚಿತ್ರ ಮಾಡಿದರು. ಸೈಕಲ್ ರಿಕ್ಷಾ ತುಳಿಯುವವನ ಕಥೆ ‘ಪೆನಾರೆಕ್ ಬೆಚಾ’ (1955), ಅರಮನೆಯ ಹುಡುಗಿಯನ್ನು ಪ್ರೀತಿಸಿದ ಬಡ ಸಂಗೀತಗಾರನ ‘ಅಂತಾರಾ ದುವಾ ದರ್ಜತ್’ (1960), ಅಂತಸ್ತಿನ ಅಹಂಕಾರ ಒಂದು ಸಂಸಾರವನ್ನೇ ನುಂಗುವ ‘ಇಬು ಮರ್ತುವಾಕು’ (1962) ಒಂದು ಕಡೆ. ಮೂವರು ಬಡ ಬ್ರಹ್ಮಚಾರಿಗಳ ‘ಬುಜಾಂಗ್ ಲಾಪೋಕ್’ ಸರಣಿ ಇನ್ನೊಂದು ಕಡೆ. ವಿಮರ್ಶಕರ ಗೌರವ ಹೆಚ್ಚಾಗಿ ಮೊದಲ ಗುಂಪಿಗೆ, ಜನರ ಬಾಯಲ್ಲಿ ಉಳಿದ ಸಂಭಾಷಣೆ ಎರಡನೆಯದಕ್ಕೆ.

ಈಗ ಕೇಳೋಣ, ಇವುಗಳಲ್ಲಿ ವಾಸ್ತವ ಹೆಚ್ಚು ಇರುವುದು ಎಲ್ಲಿ? ‘ಪೆನಾರೆಕ್ ಬೆಚಾ’ದ ಬಡವ ಅಪ್ಪಟ ಚಿನ್ನ. ಸಾಹುಕಾರ ಕಲ್ಲೆದೆಯವನು, ಕೊನೆಗೆ ಅವನ ಮನಸ್ಸು ಕರಗುತ್ತದೆ. ವಿಷಯ ಸಾಮಾಜಿಕ, ಕಟ್ಟಿದ ರೀತಿ ಭಾವುಕ ನಾಟಕದ್ದು. ಅದೇ 1961ರ ‘ಸೆನಿಮಾನ್ ಬುಜಾಂಗ್ ಲಾಪೋಕ್’ ನೋಡಿ. ಮೂವರು ಗೆಳೆಯರು ಸಾಲುಮನೆಯೊಂದರ ಬಾಡಿಗೆ ಕೋಣೆಗಳಲ್ಲಿದ್ದಾರೆ. ಸಿನಿಮಾದಲ್ಲಿ ಪಾತ್ರ ಸಿಕ್ಕಿದೆ, ಮಾತು ಬಾಯಿಪಾಠ ಮಾಡಬೇಕು. ಒಬ್ಬ ನೆರೆಯವನು ಮೋಟಾರ್‌ಸೈಕಲ್ ಎಂಜಿನ್ ಗುರುಗುಟ್ಟಿಸುತ್ತಾನೆ, ಇನ್ನೊಬ್ಬ ಟ್ರಂಪೆಟ್ ಊದುತ್ತಾನೆ, ಮತ್ತೊಂದು ಕೋಣೆಯಲ್ಲಿ ಗಂಡ ಹೆಂಡಿರ ಜಗಳ. ಹೋಗಿ ಬೇಡಿಕೊಂಡರೂ ಯಾರೂ ಕೇಳುವುದಿಲ್ಲ. ಊರು ಬಿಟ್ಟು ಪಟ್ಟಣಕ್ಕೆ ಬಂದ ದುಡಿಯುವ ಜನಕ್ಕೆ ಏಕಾಂತವೂ ಕೈಗೆಟುಕದ ಸರಕು ಎಂಬುದನ್ನು ಇದಕ್ಕಿಂತ ಕರಾರುವಾಕ್ಕಾಗಿ ಹೇಳಿದ ಗಂಭೀರ ದೃಶ್ಯ ನನಗಂತೂ ನೆನಪಾಗುತ್ತಿಲ್ಲ. 1959ರ ‘ಪೆಂಡೆಕಾರ್ ಬುಜಾಂಗ್ ಲಾಪೋಕ್’ನಲ್ಲಿ ಇದೇ ಮೂವರು ವಯಸ್ಕರ ಶಾಲೆಯ ಬೆಂಚಿನ ಮೇಲೆ ಕೂತು ಅಕ್ಷರ ಕೂಡಿಸಲು ತಿಣುಕಾಡುತ್ತಾರೆ. ಸ್ವಾತಂತ್ರ್ಯ ಬಂದು ಎರಡೇ ವರ್ಷವಾಗಿದ್ದ ದೇಶದ ಅನಕ್ಷರತೆ, ಬೆಳೆದ ಗಂಡಸಿಗೆ ಕಲಿಯಲು ಆಗುವ ನಾಚಿಕೆ, ಎಲ್ಲವೂ ಆ ನಗುವಿನಲ್ಲೇ ದಾಖಲಾಗಿವೆ.

ನಮ್ಮ ಕಡೆಯ ಸಾಕ್ಷಿಯನ್ನೂ ನೋಡೋಣ. ಫಣಿ ರಾಮಚಂದ್ರ ನಿರ್ದೇಶನದ ‘ಗಣೇಶನ ಮದುವೆ’ (1990) ಬೆಂಗಳೂರಿನ ವಠಾರದ ಚಿತ್ರ. ಓನರ್ ರಮಣಮೂರ್ತಿಗೂ ಬಾಡಿಗೆದಾರರಿಗೂ ನಡೆಯುವ ಹಗ್ಗಜಗ್ಗಾಟ ನೋಡಿ ನಕ್ಕವರೆಲ್ಲ ಒಂದಲ್ಲ ಒಂದು ದಿನ ಬಾಡಿಗೆ ಮನೆಯ ಸಂಕಟ ಉಂಡವರೇ. ವಠಾರಗಳು ಒಂದೊಂದಾಗಿ ಅಪಾರ್ಟ್‌ಮೆಂಟ್ ಆದವು. ಆ ಬದುಕಿನ ಚಹರೆ ಉಳಿದಿರುವುದು ಈ ನಗೆಚಿತ್ರದಲ್ಲಿ. ಇದರ ನಾಯಕ ಅನಂತನಾಗ್ ಎಂ.ಎಸ್. ಸತ್ಯು ಅವರ ‘ಬರ’ದಲ್ಲೂ ಇದ್ದರು. ‘ಬರ’ದ ಅಭಿನಯಕ್ಕೆ ವಿಚಾರಗೋಷ್ಠಿ, ‘ಗಣೇಶನ ಮದುವೆ’ಯ ಅಭಿನಯಕ್ಕೆ ಬರೀ ಚಪ್ಪಾಳೆ! ಹಾಗೆಯೇ ‘ಸತ್ಯ ಹರಿಶ್ಚಂದ್ರ’ದ (1965) ನಕ್ಷತ್ರಿಕ. ಸಾಲ ವಸೂಲಿಗೆ ಬೆನ್ನುಬಿದ್ದು, ಎಲ್ಲವನ್ನೂ ಕಳೆದುಕೊಂಡವನನ್ನೂ ಹಿಂಡುವ ಆ ಪಾತ್ರವನ್ನು ನರಸಿಂಹರಾಜು ಮಾಡಿದರು. ಪುರಾಣದ ಚಿತ್ರದೊಳಗೆ ಸಾಲಗಾರನ ದಿನನಿತ್ಯದ ನರಕವನ್ನು ಒಳತಂದದ್ದು ರಾಜನ ಪಾತ್ರಕ್ಕಿಂತ ಹೆಚ್ಚಾಗಿ ಆ ಹಾಸ್ಯಪಾತ್ರ.

ಪ್ರಶಸ್ತಿಗಳ ಪಟ್ಟಿ ಇದನ್ನು ಲೆಕ್ಕಕ್ಕೇ ಹಿಡಿದಿಲ್ಲ. ಕನ್ನಡಕ್ಕೆ ಸ್ವರ್ಣಕಮಲ ತಂದವು ‘ಸಂಸ್ಕಾರ’, ‘ಚೋಮನ ದುಡಿ’, ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’. ಆರೂ ಯೋಗ್ಯ ಚಿತ್ರಗಳು, ಆರರಲ್ಲಿ ಒಂದೂ ನಗೆಚಿತ್ರವಿಲ್ಲ. ಆದರೆ ಏಷ್ಯಾದ ಚಲನಚಿತ್ರೋತ್ಸವ 1959ರಲ್ಲಿ ಕ್ವಾಲಾಲಂಪುರದಲ್ಲಿ ನಡೆದಾಗ ‘ಪೆಂಡೆಕಾರ್ ಬುಜಾಂಗ್ ಲಾಪೋಕ್’ ಅತ್ಯುತ್ತಮ ಹಾಸ್ಯಚಿತ್ರವೆಂದು ಪ್ರಶಸ್ತಿ ಪಡೆಯಿತು. ಹಾಸ್ಯಕ್ಕೆ ತನ್ನದೇ ಅಳತೆಗೋಲು ಬೇಕೆಂದು ಅಂದೇ ಒಪ್ಪಿಕೊಂಡವರಿದ್ದರು.

ಹಾಸ್ಯದ ಪರ ವಕಾಲತ್ತು ವಹಿಸುವವರು ಸಾಮಾನ್ಯವಾಗಿ ಪ್ರೆಸ್ಟನ್ ಸ್ಟರ್ಜೆಸ್ ಅವರ ‘ಸಲಿವನ್ಸ್ ಟ್ರಾವೆಲ್ಸ್’ (1941) ಚಿತ್ರವನ್ನು ಎತ್ತಿಕೊಳ್ಳುತ್ತಾರೆ. ಬಡತನದ ಬಗ್ಗೆ ಗಂಭೀರ ಚಿತ್ರ ಮಾಡಲು ಹೊರಟ ಹಾಲಿವುಡ್ ನಿರ್ದೇಶಕ ಕೈದಿಯಾಗಿ, ಜೊತೆಯ ಕೈದಿಗಳು ಕಾರ್ಟೂನ್ ನೋಡಿ ನಗುವುದನ್ನು ಕಂಡು, ತಾನು ನಗಿಸುವುದೇ ಸರಿ ಎಂದು ತೀರ್ಮಾನಿಸುತ್ತಾನೆ. ನೊಂದವರಿಗೆ ನಗುವೊಂದೇ ಸಮಾಧಾನ ಎಂಬ ಈ ವಾದ ನನಗೆ ಸಾಲದು. ಅದು ಹಾಸ್ಯವನ್ನು ನೋವು ಮರೆಸುವ ಮದ್ದಿನ ಮಟ್ಟಕ್ಕೆ ಇಳಿಸುತ್ತದೆ. ಒಳ್ಳೆಯ ಹಾಸ್ಯ ಮರೆಸುವುದಿಲ್ಲ, ತೋರಿಸುತ್ತದೆ. ಅಧಿಕಾರದ ಬಣ್ಣ ಬಯಲು ಮಾಡುವುದು, ನಮ್ಮ ಸಣ್ಣತನವನ್ನು ನಮ್ಮ ಕೈಗೇ ಕೊಡುವುದು ಅದರ ಕೆಲಸ. ಯಕ್ಷಗಾನದ ಹಾಸ್ಯಗಾರ ರಾಜನೆದುರು ಆಡುವ ಮಾತನ್ನು ಮಂತ್ರಿ ಆಡಲಾರ. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ಭ್ರಷ್ಟಾಚಾರವನ್ನು ಜನರ ಮುಂದೆ ಬೆತ್ತಲು ಮಾಡಿದ್ದು ನಗಿಸಿಯೇ.

ನಗೆಚಿತ್ರಗಳ ತಪ್ಪುಗಳನ್ನು ಮುಚ್ಚಿಡಬೇಕಿಲ್ಲ. ರಾಮ್ಲಿಯವರ ‘ಮಾಡು ತಿಗಾ’ (1964) ಮೂರು ಹೆಂಡಿರ ಗಂಡನ ಪಡಿಪಾಟಲನ್ನು ತಮಾಷೆ ಮಾಡುತ್ತದೆ. ಆ ಹೆಂಗಸರ ಪಾಡು ಅಷ್ಟು ಹಗುರವಲ್ಲ. ನಮ್ಮ ಚಿತ್ರಗಳಲ್ಲೂ ತೊದಲುವವರನ್ನು, ದಪ್ಪಗಿದ್ದವರನ್ನು, ಕುಳ್ಳರನ್ನು ಅಣಕಿಸಿ ನಗು ಗಿಟ್ಟಿಸಿದ್ದು ಕಡಿಮೆಯೇನಲ್ಲ. ಬಲವಿಲ್ಲದವನ ಮೇಲೆ ನಗುವುದು ಹಾಸ್ಯದ ಸೋಲು. ಇದನ್ನು ಬಿಡಿಸಿ ಹೇಳಲು ವಿಮರ್ಶೆ ಬೇಕು. ಲೆಕ್ಕಕ್ಕಿಲ್ಲದ ಸರಕೆಂದು ದೂರವಿಟ್ಟರೆ ಅದರ ಕೆಟ್ಟದ್ದನ್ನು ತಿದ್ದುವವರೂ ಇರುವುದಿಲ್ಲ, ಒಳ್ಳೆಯದನ್ನು ಗುರುತಿಸುವವರೂ ಇರುವುದಿಲ್ಲ. ಗಂಭೀರವಾಗಿ ಮುಖ ಮಾಡಿಕೊಂಡ ಮಾತ್ರಕ್ಕೆ ಚಿತ್ರ ಸತ್ಯವಾಗುವುದಿಲ್ಲ ಎಂಬುದನ್ನೂ ಆ ವಿಮರ್ಶೆ ಹೇಳಬೇಕು.

ಸಾಹಿತ್ಯದಲ್ಲಿ ನಾವು ಇಂಥ ಭೇದ ಮಾಡಿಲ್ಲ. ಕೈಲಾಸಂ ನಗಿಸಿದರೆಂದು ಅವರನ್ನು ಕೆಳಗೆ ಕೂರಿಸಲಿಲ್ಲ. ‘ತಬರನ ಕಥೆ’ ಬರೆದ ತೇಜಸ್ವಿಯವರೇ ‘ಕರ್ವಾಲೊ’ದ ಮಂದಣ್ಣನನ್ನೂ ಕೊಟ್ಟರು, ಎರಡನ್ನೂ ಒಂದೇ ಗೌರವದಿಂದ ಓದುತ್ತೇವೆ. ಪುಸ್ತಕಕ್ಕೆ ಕೊಟ್ಟ ಗೌರವವನ್ನು ಪರದೆಗೆ ಕೊಡಲು ಏನು ಅಡ್ಡಿ?

1934ರ ‘ಸತಿ ಸುಲೋಚನ’, ಕನ್ನಡದ ಮೊದಲ ವಾಕ್ಚಿತ್ರ, ಇಂದು ನೋಡಲು ಉಳಿದಿಲ್ಲ. ಯಾವುದನ್ನು ಜತನ ಮಾಡಬೇಕು ಎಂಬ ತೀರ್ಮಾನ ಯಾವುದು ದೊಡ್ಡದು ಎಂಬ ತೀರ್ಮಾನದ ಬೆನ್ನಿಗೇ ಬರುತ್ತದೆ. ಆದ್ದರಿಂದ ಇದು ಬರೀ ಅಭಿರುಚಿಯ ಜಗಳವಲ್ಲ. ಹಳೆಯ ಚಿತ್ರಗಳನ್ನು ಡಿಜಿಟಲ್‌ಗೆ ತರುವಾಗ ನರಸಿಂಹರಾಜು, ಬಾಲಕೃಷ್ಣ, ದ್ವಾರಕೀಶ್ ಅವರ ಚಿತ್ರಗಳಿಗೂ ಮೊದಲ ಸಾಲಿನಲ್ಲಿ ಜಾಗ ಸಿಗಬೇಕು. ಬೆಂಗಳೂರಿನ ಚಿತ್ರೋತ್ಸವದಲ್ಲಿ ಹಾಸ್ಯಕ್ಕೆಂದೇ ಸಿಂಹಾವಲೋಕನ ನಡೆಯಬೇಕು. ನಮ್ಮಂಥ ಹೊರದೇಶದ ಕನ್ನಡಿಗರು ಮಕ್ಕಳಿಗೆ ‘ಚೋಮನ ದುಡಿ’ಯನ್ನೂ ‘ಗಣೇಶನ ಮದುವೆ’ಯನ್ನೂ ತೋರಿಸಬೇಕು, ಎರಡರ ಬಗ್ಗೆಯೂ ಅಷ್ಟೇ ಶ್ರದ್ಧೆಯಿಂದ ಮಾತಾಡಬೇಕು. ಕನ್ನಡಿಗರು ಹೇಗೆ ನೊಂದರು ಎಂಬುದಷ್ಟೇ ತಿಳಿದು, ನೊಂದರೂ ಹೇಗೆ ನಕ್ಕರು, ಯಾರನ್ನು ನೋಡಿ ನಕ್ಕರು ಎಂಬುದು ತಿಳಿಯದ ಮಗುವಿಗೆ ನಾವು ಕೊಟ್ಟಿದ್ದು ಅರ್ಧ ಕನ್ನಡ.