ಅಳತೆಯ ಕಾಲ್ಮರಿ, ಅಂಗಡಿಯ ಕಾಲ್ಮರಿ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಲಕಲ್ಲ ಸೀಮೆಯಲ್ಲಿ ಚರ್ಮದ ಕಾಲ್ಮರಿ ಎರಡು ದಾರಿಯಿಂದ ಕಾಲಿಗೆ ಬರುತ್ತದೆ. ಸಮಗಾರರ ಮುಂದೆ ಕಾಲಿಟ್ಟು, ಅಳತೆ ಕೊಟ್ಟು, ಹೇಳಿದ ದಿನ ಹೋಗಿ ತರುವುದು ಹಳೆಯ ದಾರಿ. ಪ್ಯಾಟಿಯ ಅಂಗಡಿಗೆ ಹೋಗಿ ನಂಬರ್ ಹೇಳಿ, ಮೆಟ್ಟಿ ನೋಡಿ, ದುಡ್ಡು ಕೊಟ್ಟು ಬರುವುದು ಈಗಿನ ದಾರಿ. ಊರು ಬಿಟ್ಟು ದೂರ ನೆಲೆಸಿದ ಮನೆಗಳವರು ರಜೆಗೆ ಹೋದಾಗ ಇಲಕಲ್ಲ ಸೀರೆ, ಗುಳೇದಗುಡ್ಡದ ಖಣಗಳ ಜೊತೆ ಒಂದು ಜೋಡಿ ಕಾಲ್ಮರಿಯನ್ನೂ ಪೆಟ್ಟಿಗೆಗೆ ಸೇರಿಸುತ್ತಾರೆ. ಸೀರೆಗೆ ಅಳತೆಯ ಗೊಡವೆ ಇಲ್ಲ, ಉಟ್ಟವರ ಮೈಗೆ ತಾನೇ ಹೊಂದುತ್ತದೆ. ಖಣವನ್ನು ಎಲ್ಲಿ ಬೇಕಾದರೂ ಹೊಲಿಸಿಕೊಳ್ಳಬಹುದು. ಕಾಲ್ಮರಿಯದು ಹಾಗಲ್ಲ; ತಂದ ಮೇಲೆ ಹಿಡಿಸದಿದ್ದರೆ ಅದು ಮೂಲೆ ಸೇರುತ್ತದೆ. ಹಾಗಾಗಿ ಹೊಲಿಸುವುದೋ ಕೊಳ್ಳುವುದೋ ಎಂಬ ಪ್ರಶ್ನೆಯನ್ನು ಪೆಟ್ಟಿಗೆ ಕಟ್ಟುವ ಮೊದಲೇ ಬಗೆಹರಿಸಿಕೊಳ್ಳಬೇಕು.

ಹೊರಗಿನವರು ಕೊಲ್ಹಾಪುರಿ ಎಂದು ಕರೆಯುವ ಈ ಚಪ್ಪಲಿ ಕೊಲ್ಹಾಪುರದ್ದಷ್ಟೇ ಅಲ್ಲ. 2019ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಾಗ ಎಂಟು ಜಿಲ್ಲೆಗಳಿಗೆ ಆ ಹಕ್ಕು ಸಂದಿತು. ಮಹಾರಾಷ್ಟ್ರದಿಂದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ. ಕರ್ನಾಟಕದಿಂದ ಬೆಳಗಾವಿ, ಧಾರವಾಡ, ವಿಜಯಪುರ ಮತ್ತು ಬಾಗಲಕೋಟೆ. ಬೆಳಗಾವಿ ಜಿಲ್ಲೆಯ ಅಥಣಿ ಈ ಕಸುಬಿನ ದೊಡ್ಡ ಕೇಂದ್ರ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಫ್ಯಾಷನ್ ಪ್ರದರ್ಶನದಲ್ಲಿ ಇದೇ ಮಾದರಿಯ ಚಪ್ಪಲಿಯನ್ನು ಮೂಲದ ಹೆಸರೆತ್ತದೆ ತೋರಿಸಿ ಟೀಕೆಗೆ ಗುರಿಯಾಯಿತು. ಆಮೇಲೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಲಿಡ್‌ಕಾಮ್ ಮತ್ತು ಕರ್ನಾಟಕದ ಲಿಡ್‌ಕರ್ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಬೆಲೆ ಎಷ್ಟೇ ಏರಲಿ, ನಂಬರ್ ಲೆಕ್ಕದಲ್ಲಿ ಮಾರುವ ಚಪ್ಪಲಿ ಸಿದ್ಧ ಮಾಲೇ. ಮಿಲಾನ್‌ನ ಗಿರಾಕಿಗೆ ಸಿಗದ ಅಳತೆಯ ಜೋಡಿ ಹುನಗುಂದದ ರೈತನಿಗೆ ಸಿಗಬಲ್ಲದು ಎಂಬುದು ಈ ಕಸುಬಿನ ವಿಶೇಷ.

ಅಳತೆ ಏಕೆ ಬೇಕು ಎಂಬುದು ತಿಳಿಯಲು ಮೊದಲು ಕಾಲ್ಮರಿಯ ರಚನೆ ಗೊತ್ತಿರಬೇಕು. ಎಮ್ಮೆ, ಕೋಣಗಳ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ತೆಗೆದು, ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ರಸದಲ್ಲಿ ಹದ ಮಾಡುತ್ತಾರೆ. ಹದವಾದ ದಪ್ಪ ಚರ್ಮವನ್ನು ರಂಪಿಗೆಯಿಂದ ಕೊಯ್ದು ಅಟ್ಟೆ ಮಾಡಿ, ತೆಳು ಚರ್ಮದಿಂದ ಮೇಲಿನ ಪಟ್ಟಿ, ಹೆಣೆದ ಜಡೆ, ಹೆಬ್ಬೆರಳು ತೂರಿಸುವ ಉಂಗುಟ ಸಿದ್ಧಪಡಿಸುತ್ತಾರೆ. ಅಟ್ಟೆಯ ಎರಡೂ ಬದಿಗೆ ಕಿವಿಯಂತೆ ಚಾಚಿದ ತುಂಡುಗಳಿಗೆ ಪಟ್ಟಿ ಸೇರುತ್ತದೆ. ಅಪ್ಪಟ ಜೋಡಿಯಲ್ಲಿ ಮೊಳೆ ಇರುವುದಿಲ್ಲ. ಆರಿಯಿಂದ ತೂತು ಹಾಕಿ ಚರ್ಮದ ಎಳೆಯಿಂದಲೇ ಹೊಲಿಯುತ್ತಾರೆ. ಬೂಟಿನಂತೆ ಮರದ ಅಚ್ಚಿನ ಮೇಲೆ ಎಳೆದು ಕೂರಿಸುವ ಪದ್ಧತಿಯೂ ಇಲ್ಲಿಲ್ಲ. ಲೇಸ್ ಇಲ್ಲ, ಬಕಲ್ ಇಲ್ಲ, ಹಿಮ್ಮಡಿಗೆ ಪಟ್ಟಿ ಇಲ್ಲ. ಕಾಲನ್ನು ಹಿಡಿದಿಡುವುದು ಎರಡೇ: ಉಂಗುಟ ಮತ್ತು ಪಾದದ ಮೇಲಿಂದ ಹಾಯುವ ಪಟ್ಟಿ. ಬೂಟು ಸ್ವಲ್ಪ ಸಡಿಲಾದರೆ ಲೇಸ್ ಬಿಗಿಯಬಹುದು, ದಪ್ಪ ಕಾಲುಚೀಲ ಹಾಕಬಹುದು. ಕಾಲ್ಮರಿಯಲ್ಲಿ ಉಂಗುಟ ಅರ್ಧ ಬೆರಳಿನಷ್ಟು ಹಿಂದೆ ಬಿದ್ದರೂ ಹಿಮ್ಮಡಿ ಅಟ್ಟೆಯ ಹಿಂದಕ್ಕೆ ಚಾಚುತ್ತದೆ, ಇಲ್ಲವೇ ಹೆಜ್ಜೆಹೆಜ್ಜೆಗೂ ಬೆರಳಿನ ಸಂದು ಕೊರೆಯುತ್ತದೆ.

ಅಂಗಡಿಯ ನಂಬರ್ ಈ ಸೂಕ್ಷ್ಮವನ್ನು ಹಿಡಿಯುವುದಿಲ್ಲ. ನಮ್ಮಲ್ಲಿ ಏಳು ನಂಬರ್, ಎಂಟು ನಂಬರ್ ಎನ್ನುವುದು ಇಂಗ್ಲೆಂಡಿನ ಲೆಕ್ಕ. ಒಂದು ನಂಬರಿಗೂ ಮುಂದಿನದಕ್ಕೂ ಅಂಗುಲದ ಮೂರನೇ ಒಂದು ಪಾಲು, ಅಂದರೆ ಸುಮಾರು ಎಂಟೂವರೆ ಮಿಲಿಮೀಟರ್ ವ್ಯತ್ಯಾಸ. ಯುರೋಪಿನ 40, 41ರ ಲೆಕ್ಕದಲ್ಲಿ ಇದು ಆರೂಮುಕ್ಕಾಲು ಮಿಲಿಮೀಟರಿನ ಹತ್ತಿರ. ಎರಡೂ ಉದ್ದವನ್ನು ಮಾತ್ರ ಹೇಳುತ್ತವೆ. ಅಗಲ, ಪಾದದ ಮೇಲ್ಭಾಗದ ಎತ್ತರ, ಹೆಬ್ಬೆರಳಿನ ದಪ್ಪ ಇವುಗಳ ಸುದ್ದಿ ಎತ್ತುವುದಿಲ್ಲ. ಬರಿಗಾಲಲ್ಲಿ ಬೆಳೆದ, ಹೊಲದಲ್ಲಿ ನಡೆದ ಕಾಲು ಮುಂಭಾಗದಲ್ಲಿ ಹರಡಿಕೊಂಡಿರುತ್ತದೆ. ಅಂಥ ಕಾಲಿನವರು ಅಗಲಕ್ಕಾಗಿ ಒಂದು ನಂಬರ್ ದೊಡ್ಡದು ಕೊಳ್ಳುತ್ತಾರೆ. ಅಗಲ ಸರಿಹೋಗುತ್ತದೆ, ಉದ್ದ ಹೆಚ್ಚಾಗುತ್ತದೆ, ಉಂಗುಟ ಮುಂದೆ ಹೋಗುತ್ತದೆ. ನಡೆಯುವಾಗ ಹಿಂಭಾಗ ಪಟಪಟ ಬಡಿಯುತ್ತದೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ ಉದ್ದಗಲಕ್ಕೂ ಒಂದು ಲಕ್ಷಕ್ಕಿಂತ ಹೆಚ್ಚು ಜನರ ಕಾಲುಗಳ ಅಳತೆ ತೆಗೆದಾಗಲೂ ಕಂಡದ್ದು ಇದೇ: ಭಾರತೀಯರ ಕಾಲು ಅಗಲ, ಪರದೇಶದ ನಂಬರುಗಳು ಇಕ್ಕಟ್ಟು, ಅದಕ್ಕಾಗಿ ಜನ ಉದ್ದದ ಜೋಡು ಕೊಳ್ಳುತ್ತಾರೆ. ಆ ಸಮೀಕ್ಷೆಯ ಆಧಾರದ ಮೇಲೆ ರೂಪಿಸಿದ ಭಾರತೀಯ ಅಳತೆ ಪದ್ಧತಿಗೆ ‘ಭ’ ಎಂದೇ ಹೆಸರಿಟ್ಟಿದ್ದಾರೆ.

ಹೊಲಿಸುವವರು ಅಳತೆ ಕೊಡುವ ಕ್ರಮ ಸರಳ. ಕಾಗದದ ಮೇಲೆ ಕಾಲಿಟ್ಟು ಪೆನ್ಸಿಲ್ಲಿನಿಂದ ಸುತ್ತ ಗೆರೆ ಎಳೆಯುತ್ತಾರೆ. ಹೆಬ್ಬೆರಳು ಮತ್ತು ಎರಡನೇ ಬೆರಳಿನ ಸಂದಿಗೆ ಒಂದು ಗುರುತು. ಬೆರಳುಗಳ ಬುಡದಲ್ಲಿ, ಕಾಲು ಅತಿ ಅಗಲವಾಗಿರುವ ಕಡೆ, ಟೇಪಿನ ಒಂದು ಸುತ್ತು. ಪಾದದ ಮೇಲ್ಭಾಗದ ಉಬ್ಬಿನ ಮೇಲೆ ಇನ್ನೊಂದು. ಇಷ್ಟರಲ್ಲಿ ತಪ್ಪಾಗುವುದು ನಾಲ್ಕು ಕಡೆ. ಕೂತು ಕೊಟ್ಟ ಅಳತೆ ಚಿಕ್ಕದಾಗುತ್ತದೆ, ಮೈಭಾರ ಬಿದ್ದಾಗಲೇ ಕಾಲು ಹರಡುವುದು. ಬೆಳಗಿನ ಅಳತೆಯೂ ಚಿಕ್ಕದೇ, ಓಡಾಡಿದ ಕಾಲು ಸಂಜೆಗೆ ತುಸು ಊದಿರುತ್ತದೆ. ಇನ್ನು ಒಂದೇ ಕಾಲಿನ ಗೆರೆ ಎಳೆದು ಅದನ್ನೇ ಮಗುಚಿ ಇನ್ನೊಂದಕ್ಕೆ ಬಳಸುವುದು ಅವಸರದ ಕೆಲಸ. ಬಹಳ ಜನರ ಎರಡು ಕಾಲು ಒಂದೇ ಸಮ ಇರುವುದಿಲ್ಲ. ಪೆನ್ಸಿಲನ್ನು ಓರೆ ಹಿಡಿದರೆ ಗೆರೆ ಕಾಲಿನ ಕೆಳಗೆ ಸರಿಯುತ್ತದೆ, ನೆಟ್ಟಗೆ ಹಿಡಿಯಬೇಕು. ಹೆಣ್ಣುಮಕ್ಕಳ ಕಾಲಿಗೆ ಇನ್ನೊಂದು ಮಾತುಂಟು. ಎರಡನೇ ಬೆರಳಿನ ಕಾಲುಂಗುರವೂ ಹೆಬ್ಬೆರಳಿನ ಉಂಗುಟವೂ ಒಂದೇ ಸಂದಿನಲ್ಲಿ ತಿಕ್ಕಾಡುತ್ತವೆ. ಬೆಳ್ಳಿ ಚರ್ಮವನ್ನು ಸವೆಸುತ್ತದೆ, ಚರ್ಮ ಬೆರಳನ್ನು ಸುಲಿಯುತ್ತದೆ. ಅಳತೆ ಕೊಡುವಾಗ ಕಾಲುಂಗುರ ತೆಗೆಯದೆ ಕೊಟ್ಟರೆ ಉಂಗುಟದ ಒಳಬದಿಯನ್ನು ತೆಳುವಾಗಿ ಹೆರೆದು ಜಾಗ ಬಿಡಲು ಬರುತ್ತದೆ. ಅಂಗಡಿಯ ಜೋಡಿಗೆ ಈ ಉಪಾಯ ಇಲ್ಲ.

ಹಾಗೆಂದು ಹೊಲಿಸಿದ್ದೆಲ್ಲ ಹಿತ, ಕೊಂಡದ್ದೆಲ್ಲ ಕಿರಿಕಿರಿ ಎನ್ನುವುದು ಪೂರ್ತಿ ನಿಜವಲ್ಲ. ಅಂಗಡಿಯ ಜೋಡಿಗೆ ಒಂದು ದೊಡ್ಡ ಅನುಕೂಲವಿದೆ: ದುಡ್ಡು ಕೊಡುವ ಮೊದಲೇ ಮೆಟ್ಟಿ ಹತ್ತು ಹೆಜ್ಜೆ ನಡೆದು ನೋಡಬಹುದು. ಒಂದೇ ನಂಬರಿನ ನಾಲ್ಕು ಜೋಡಿ ಇಳಿಸಿದರೆ ನಾಲ್ಕೂ ಒಂದೇ ಥರ ಇರುವುದಿಲ್ಲ. ಕೈಕೆಲಸವಾದ್ದರಿಂದ ಒಂದರ ಉಂಗುಟ ಬಿಗಿ, ಇನ್ನೊಂದರ ಪಟ್ಟಿ ಸಡಿಲ. ಯಂತ್ರದ ಬೂಟಿನಲ್ಲಿ ದೋಷವೆನಿಸುವ ಈ ಅಸಮಾನತೆ ಇಲ್ಲಿ ಗಿರಾಕಿಗೆ ಲಾಭ. ಪುರಸೊತ್ತಿನಿಂದ ಆರಿಸಿದರೆ ಸಾಧಾರಣ ಅಳತೆಯ ಕಾಲಿಗೆ ಹೊಲಿಸಿದಷ್ಟೇ ಒಪ್ಪುವ ಜೋಡಿ ಸಿಗುತ್ತದೆ. ಬನದ ಹುಣ್ಣಿಮೆಗೆ ಸೇರುವ ಬಾದಾಮಿ ಬನಶಂಕರಿ ಜಾತ್ರೆಯಂಥ ಕಡೆ ನೂಕುನುಗ್ಗಲಿನಲ್ಲಿ ಒಂದೇ ಕಾಲು ತೂರಿಸಿ ನೋಡಿ ಕಟ್ಟಿಸಿಕೊಂಡು ಬರುವವರಿಗೆ ಈ ಲಾಭ ದಕ್ಕುವುದಿಲ್ಲ.

ಜಾಲಿ ತೊಗಟೆಯಲ್ಲಿ ಹದಗೊಂಡ ಚರ್ಮದ ಗುಣವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಹೊಸದರಲ್ಲಿ ಅದು ಬಿರುಸು. ಕಾಲಿನ ಬೆವರು, ಬಿಸಿ, ಭಾರಕ್ಕೆ ದಿನ ಕಳೆದಂತೆ ಮೆತ್ತಗಾಗಿ ಅಟ್ಟೆಯಲ್ಲಿ ಹಿಮ್ಮಡಿಯ ಗುಳಿ, ಬೆರಳಿನ ಗುಳಿ ಮೂಡುತ್ತವೆ. ಪಟ್ಟಿ ಅಗಲಕ್ಕೆ ಹಿಗ್ಗುತ್ತದೆ. ಅಟ್ಟೆಯ ಉದ್ದ ಮಾತ್ರ ಹೆಚ್ಚುವುದಿಲ್ಲ. ಹೀಗಾಗಿ ಮೊದಲ ದಿನ ಪಟ್ಟಿ ತುಸು ಬಿಗಿಯೆನಿಸಿದ ಜೋಡಿ ಮುಂದೆ ಸರಿಹೋಗುತ್ತದೆ, ಹಿಮ್ಮಡಿ ಹೊರಗುಳಿದ ಜೋಡಿ ಎಂದೂ ಸರಿಹೋಗುವುದಿಲ್ಲ. ಮೊದಲ ದಿನವೇ ಸಡಿಲವಾಗಿ ಹಾಯೆನಿಸಿದ್ದು ಕೆಲವೇ ದಿನಗಳಲ್ಲಿ ಕಾಲಿನಿಂದ ಜಾರತೊಡಗುತ್ತದೆ. ಪಟ್ಟಿಗೂ ಉಂಗುಟಕ್ಕೂ ರಾತ್ರಿ ಎಣ್ಣೆ ಸವರಿಟ್ಟು, ಮನೆಯಂಗಳದಲ್ಲಿ ದಿನಕ್ಕಿಷ್ಟು ಹೊತ್ತು ಮೆಟ್ಟಿ ಪಳಗಿಸುವುದು ರೂಢಿ. ಯುಗಾದಿಯ ಹೊತ್ತಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರಲ್ಲಿ ಹರಕೆ ಹೊತ್ತು ಬರಿಗಾಲಲ್ಲಿ ನಡೆಯುವವರು ಒಂದೆಡೆಯಾದರೆ, ಮೆಟ್ಟಿ ನಡೆಯುವವರಿಗೆ ಪಳಗಿದ ಜೋಡಿಯೇ ಗತಿ. ಅಳತೆಗೆ ಸರಿಯಾಗಿ ಹೊಲಿಸಿದ್ದಾದರೂ ಹೊಚ್ಚಹೊಸದು ಅಂಥ ದಾರಿಯಲ್ಲಿ ಗುಳ್ಳೆ ಏಳಿಸುತ್ತದೆ. ಮಳೆಗಾಲದ ಎರೆಹೊಲಕ್ಕಂತೂ ಈ ಚರ್ಮ ಸಲ್ಲದು. ನೆನೆದರೆ ಉಬ್ಬುತ್ತದೆ, ಬಿಸಿಲಿಗೆ ಒಣಗಿಸಿದರೆ ಸೆಟೆಯುತ್ತದೆ. ಆಗ ರಬ್ಬರಿನದೋ ಟೈರಿನ ಅಟ್ಟೆಯದೋ ಮೇಲು, ಅದರಲ್ಲಿ ಅಂದಚಂದದ ಮಾತಿಲ್ಲ.

ಹೊಲಿಸಿದ ಕಾಲ್ಮರಿಯ ನಿಜವಾದ ಬೆಲೆ ಅಳತೆಯಲ್ಲಿಲ್ಲ, ತಿದ್ದುವುದರಲ್ಲಿದೆ. ಸಮಗಾರ ಜೋಡಿ ಕೈಗಿತ್ತ ಮೇಲೆ ಗಿರಾಕಿ ಅಲ್ಲೇ ನಾಲ್ಕು ಹೆಜ್ಜೆ ನಡೆಯುತ್ತಾನೆ. ಸಮಗಾರ ಕಣ್ಣಿಟ್ಟು ನೋಡುತ್ತಾನೆ. ಹಿಮ್ಮಡಿ ಒಳಕ್ಕೆ ವಾಲಿತೇ, ಕಿರುಬೆರಳು ಅಂಚಿನಾಚೆ ಇಳಿಯಿತೇ, ಪಟ್ಟಿಯ ಒಂದು ಬದಿ ಎದ್ದಿತೇ ಎಂದು. ಹೊಲಿಗೆ ಬಿಚ್ಚಿ ಉಂಗುಟವನ್ನು ಒಂದಿಷ್ಟು ಹಿಂದೆ ಸರಿಸಿ ಮತ್ತೆ ಹೊಲಿಯುತ್ತಾನೆ. ಎಂಟು ದಿನ ಬಿಟ್ಟು ಹೋದರೆ ಹಿಗ್ಗಿದ ಪಟ್ಟಿಯನ್ನು ಬಿಗಿ ಮಾಡಿಕೊಡುತ್ತಾನೆ. ಮೊಳೆಯಿಲ್ಲದ ಚರ್ಮದ ಹೊಲಿಗೆಯಾದ್ದರಿಂದ ಇದೆಲ್ಲ ಸಾಧ್ಯ. ಹಿಂದೆ ಸುಗ್ಗಿಯಲ್ಲಿ ಕಣದ ಕಾಳನ್ನು ಆಯವಾಗಿ ಪಡೆದು, ವರ್ಷವಿಡೀ ಊರಿನ ಕಾಲ್ಮರಿ, ಬಾರುಕೋಲು, ಮಿಣಿಗಳನ್ನು ಹೊಲಿದುಕೊಡುತ್ತಿದ್ದ ಕಾಲದಲ್ಲಿ ತಿದ್ದುವುದಕ್ಕೆ ಬೇರೆ ಕೂಲಿಯ ಮಾತೇ ಇರಲಿಲ್ಲ. ಆ ಏರ್ಪಾಡಿನಲ್ಲಿ ಕಸುಬುದಾರನಿಗೆ ಸಿಕ್ಕ ಗೌರವ ಎಷ್ಟು ಎಂಬುದು ಬೇರೆ ಮಾತು. ಊರಿನ ಎಲ್ಲ ಕಾಲುಗಳ ಅಳತೆ ಬಲ್ಲವನನ್ನು ಊರು ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಬಸವಣ್ಣನವರಿಗಾಗಿ ಸಮಗಾರ ಹರಳಯ್ಯ ಮತ್ತು ಪತ್ನಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆ ಮಾಡಿದರು, ಬಸವಣ್ಣನವರು ಅದನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡರು ಎಂಬ ಐತಿಹ್ಯ, ಬಸವಣ್ಣನವರ ಐಕ್ಯಸ್ಥಳ ಕೂಡಲಸಂಗಮವಿರುವ ಹುನಗುಂದ ತಾಲ್ಲೂಕಿನಲ್ಲಿ ಇಂದಿಗೂ ಎಲ್ಲರ ಬಾಯಲ್ಲಿದೆ.

ಹೊಲಿಸುವುದೋ ಕೊಳ್ಳುವುದೋ ಎಂಬ ಲೆಕ್ಕ ದೂರದ ಚಳಿನಾಡಿನಲ್ಲೂ ನಡೆಯುತ್ತದೆ. ಕೆನಡಾ, ಅಮೆರಿಕದ ಕನ್ನಡ ಮನೆಗಳ ಮಕ್ಕಳು ಐಸ್ ಹಾಕಿ ಆಡಲು ತೊಡಗಿದಾಗ ತಾಯಿತಂದೆಯರ ಮುಂದೆ ಬರುವುದು ಸಿದ್ಧ ಸ್ಕೇಟೋ ಅಳತೆಯ ಸ್ಕೇಟೋ ಎಂಬ ಪ್ರಶ್ನೆ. ಹಾಕಿ ಸ್ಕೇಟನ್ನು ದಿನಬಳಕೆಯ ಬೂಟಿಗಿಂತ ಒಂದು, ಒಂದೂವರೆ ನಂಬರ್ ಚಿಕ್ಕದು ಕೊಳ್ಳುವುದು ವಾಡಿಕೆ. ನೆಟ್ಟಗೆ ನಿಂತಾಗ ಬೆರಳ ತುದಿ ಮುಂಭಾಗವನ್ನು ಸೋಕಬೇಕು, ಮಂಡಿ ಬಗ್ಗಿಸಿದಾಗ ಹಿಮ್ಮಡಿ ಹಿಂದಕ್ಕೆ ಕೂತು ಬೆರಳು ಬಿಡಿಯಾಗಬೇಕು. ಬಾವರ್, ಸಿಸಿಎಂ ಕಂಪನಿಗಳ ಸಿದ್ಧ ಸ್ಕೇಟುಗಳು ಒಂದೇ ನಂಬರಿನಲ್ಲಿ ಬೇರೆ ಬೇರೆ ಅಗಲಗಳಲ್ಲಿ ಸಿಗುತ್ತವೆ. ಅಂಗಡಿಯ ಒಲೆಯಲ್ಲಿ ಬಿಸಿ ಮಾಡಿ, ಮೆತ್ತಗಾದಾಗ ಕಾಲು ತೂರಿಸಿ ಲೇಸ್ ಬಿಗಿದು ಕೂತರೆ ಆರುವ ಹೊತ್ತಿಗೆ ಕಾಲಿನ ಆಕಾರ ಹಿಡಿಯುತ್ತವೆ. ಎಲುಬು ಒತ್ತುವ ಕಡೆ ಒಳಗಿನಿಂದ ಉಬ್ಬಿಸಿ ಜಾಗ ಮಾಡಿಕೊಡುವ ಉಪಕರಣವೂ ಇದೆ. ಇಷ್ಟರಿಂದಲೇ ಬಹುಪಾಲು ಕಾಲುಗಳ ನೋವು ನೀಗುತ್ತದೆ. ಎರಡು ಕಾಲಿನ ಅಳತೆಯಲ್ಲಿ ಬಹಳ ಅಂತರವಿದ್ದವರು, ಹಿಮ್ಮಡಿ ಸಣ್ಣದಿದ್ದು ಮುಂಭಾಗ ಬಹಳ ಅಗಲವಿದ್ದವರು, ಕಣಕಾಲಿನ ಎಲುಬು ಉಬ್ಬಿದವರು ಮಾತ್ರ ಯಂತ್ರದಲ್ಲಿ ಕಾಲಿನ ಅಳತೆ ತೆಗೆಸಿ, ವಾರಗಟ್ಟಲೆ ಕಾದು ತಮ್ಮ ಕಾಲಿಗೇ ಮಾಡಿಸಿಕೊಳ್ಳುವುದು ಸರಿ. ಬೆಳೆಯುವ ಮಕ್ಕಳಿಗೆ ಅಳತೆಯ ಸ್ಕೇಟು ದುಂದು. ಬೇಗನೆ ಕಾಲು ಅದನ್ನು ಮೀರುತ್ತದೆ. ಮಕ್ಕಳ ಕಾಲ್ಮರಿಗೂ ಈ ಮಾತು ಸಲ್ಲುತ್ತದೆ.

ಕಾಲ್ಮರಿಯ ಬೆಲೆ ತಿದ್ದುವುದರಲ್ಲಿರುವುದರಿಂದ ದೂರದಿಂದ ಹೊಲಿಸುವವರು ಎಚ್ಚರ ವಹಿಸಬೇಕು. ಅಳತೆಯನ್ನು ಊರಿಗೆ ಕಳಿಸಬಹುದು, ಕಾಲನ್ನು ಕಳಿಸಲಾಗದು. ಗೆರೆ ಎಳೆದ ಕಾಗದದ ಫೋಟೋವನ್ನು ಫೋನಿನಲ್ಲಿ ಕಳಿಸಿದರೆ ಆಕಾರ ಸೊಟ್ಟಗಾಗುತ್ತದೆ, ಗಾತ್ರವಂತೂ ತಿಳಿಯುವುದೇ ಇಲ್ಲ. ಮೂಲ ಕಾಗದವನ್ನೇ ಅಂಚೆಯಲ್ಲಿ ಕಳಿಸಬೇಕು. ಆಗದಿದ್ದರೆ ಎರಡೂ ಕಾಲಿನ ಉದ್ದ, ಅಗಲ, ಎರಡು ಸುತ್ತಳತೆ, ಬೆರಳ ಸಂದಿನಿಂದ ಹಿಮ್ಮಡಿಯವರೆಗಿನ ದೂರ ಇಷ್ಟನ್ನು ಮಿಲಿಮೀಟರಿನಲ್ಲಿ ಬರೆದು ಕಳಿಸಬೇಕು. ಹಿಡಿಸಿದ ಹಳೆಯ ಜೋಡಿ ಇದ್ದರೆ ಅದನ್ನು ಕಳಿಸುವುದು ಎಲ್ಲಕ್ಕಿಂತ ಉತ್ತಮ. ಅಟ್ಟೆಯ ಸವೆತ ನೋಡಿಯೇ ಕಸುಬುದಾರ ನಡಿಗೆ ತಿಳಿಯುತ್ತಾನೆ. ಇಷ್ಟಾದರೂ ತಿದ್ದುವ ಅವಕಾಶ ಉಳಿಯುವುದಿಲ್ಲ. ಆದ್ದರಿಂದ ರಜೆಗೆ ಊರಿಗೆ ಹೋದ ಮೊದಲ ವಾರವೇ ಅಳತೆ ಕೊಟ್ಟು, ಮರಳುವ ಮೊದಲು ಒಂದಷ್ಟು ದಿನ ಮೆಟ್ಟಿ, ಬಿಗಿ ಸಡಿಲ ಸರಿಮಾಡಿಸಿಕೊಂಡು ತರುವುದೇ ಹೊಲಿಸುವ ಸರಿಯಾದ ಕ್ರಮ. ಅಷ್ಟು ಪುರಸೊತ್ತಿಲ್ಲದವರು ಅಂಗಡಿಯಲ್ಲಿ ಸಂಜೆ ಹೊತ್ತು ಕೂತು, ನಾಲ್ಕಾರು ಜೋಡಿ ಮೆಟ್ಟಿ ನೋಡಿ ಆರಿಸಿಕೊಂಡರೆ ದೂರದಿಂದ ಹೊಲಿಸಿದ್ದಕ್ಕಿಂತ ಹೆಚ್ಚು ಹಿತವಾದದ್ದೇ ಸಿಗುತ್ತದೆ.

ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಮಂದವಾದವರಿಗೆ ಹೊಲಿಸಿದ್ದಾಗಲಿ ಕೊಂಡದ್ದಾಗಲಿ ಕಾಲ್ಮರಿಯೇ ಬೇಡ. ಉಂಗುಟ ಕೊರೆದು ಗಾಯವಾದರೂ ಅವರಿಗೆ ಗೊತ್ತಾಗುವುದಿಲ್ಲ, ಜೋಡು ಕಾಲಿನಿಂದ ಕಳಚಿದ್ದೂ ತಿಳಿಯುವುದಿಲ್ಲ. ಮೆತ್ತನೆಯ ರಬ್ಬರಿನ ಒಳ ಅಟ್ಟೆ, ಹಿಮ್ಮಡಿಗೆ ಪಟ್ಟಿ ಇರುವ, ಬೆರಳ ಸಂದಿಗೆ ಏನೂ ಸೋಕದ ಪಾದರಕ್ಷೆಯನ್ನು ವೈದ್ಯರ ಸಲಹೆಯಂತೆ ಮಾಡಿಸಿಕೊಳ್ಳಬೇಕು. ಅದೂ ಅಳತೆ ಕೊಟ್ಟು ಮಾಡಿಸುವಂಥದ್ದೇ. ಊರಿನಿಂದ ಹಿರಿಯರಿಗೆಂದು ಕಾಲ್ಮರಿ ತರುವವರು ಮೊದಲು ಈ ವಿಷಯ ಕೇಳಿಕೊಂಡು ತರುವುದು ಒಳ್ಳೆಯದು.