ಕೋರಮಂಡಲ್ ಸ್ಟೇಷನ್ನಿನಿಂದ ಸಮುದ್ರದವರೆಗೆ: ಬೇತಮಂಗಲಕ್ಕೆ ಎಂಥ ದೋಣಿ ಬೇಕು?

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಗಾಡಿಯಲ್ಲಿ ಓಡಾಡುವವರಿಗೆಲ್ಲ ಕೋರಮಂಡಲ್ ಸ್ಟೇಷನ್ ಗೊತ್ತು. ಕೋರಮಂಡಲ ಅಂದರೆ ತಮಿಳುನಾಡಿನ ಸಮುದ್ರ ತೀರ. ನಮ್ಮ ಸ್ಟೇಷನ್ನಿನ ಸುತ್ತ ಸಮುದ್ರ ಎಲ್ಲಿಂದ ಬರಬೇಕು? ಕಣ್ಣಿಗೆ ಬೀಳುವುದು ಬಂಡೆ, ಜಾಲಿ ಮತ್ತು ಒಣಗಾಳಿ. ಆದರೂ ಆ ಹೆಸರು ಪೂರಾ ಸುಳ್ಳಲ್ಲ. ನಮ್ಮ ಪಾಲಾರ್ ಹೋಗಿ ಸೇರುವುದು ಅದೇ ತೀರವನ್ನು.

ಈ ಮಾತು ಎತ್ತಲು ಕಾರಣ ಇದೆ. ಬೇತಮಂಗಲದ ಕೆರೆಯಲ್ಲಿ ನೀರು ಕಂಡಾಗಲೆಲ್ಲ ನಮ್ಮನ್ನು ಒಂದಷ್ಟು ಜನ ಕೇಳುತ್ತಾರೆ: ‘ಸಾರ್, ಬೋಟಿಂಗ್ ಯಾವಾಗ? ಪೇಪರಲ್ಲಿ ಬರೀರಿ.’ 2021ರ ನವೆಂಬರ್ ಮಳೆಗೆ ಕೆರೆ ಕೋಡಿ ಹರಿದಾಗಲೂ ಇದೇ ಪ್ರಶ್ನೆ. ನೋಡಲು ಜಾತ್ರೆಯಂತೆ ಜನ ಸೇರಿದ್ದರು. ನಾವೂ ಫೋಟೋ ತೆಗೆದು ಕಳಿಸಿದೆವು. ದೋಣಿ ಬೇಡ ಎನ್ನುವವರಲ್ಲ ನಾವು. ಆದರೆ ಎಂಥ ದೋಣಿ, ಯಾವಾಗ, ಯಾರಿಗಾಗಿ ಎಂಬುದನ್ನು ಊರು ಕೂತು ಮಾತಾಡಬೇಕು. ಅದಕ್ಕೆ ಪಾಠ ಹೇಳುವ ಒಂದು ಜಲಮಾರ್ಗ ನಮ್ಮ ನದಿಯ ಕೊನೆಯಲ್ಲೇ ಇದೆ.

ಪಾಲಾರ್ ನಂದಿ ಬೆಟ್ಟದ ಕಡೆ ಹುಟ್ಟಿ, ನಮ್ಮ ಬೇತಮಂಗಲ, ರಾಮಸಾಗರ ದಾಟಿ, ಆಂಧ್ರದ ಕುಪ್ಪಂ ಸೀಮೆ ಹಾದು, ವಾಣಿಯಂಬಾಡಿ, ವೆಲ್ಲೂರಿನ ಮೇಲೆ ಹೋಗಿ ಕಲ್ಪಾಕ್ಕಂ ಹತ್ತಿರದ ವಯಲೂರಿನಲ್ಲಿ ಸಮುದ್ರ ಸೇರುತ್ತದೆ. ಅದರ ಉದ್ದ ಸುಮಾರು 348 ಕಿ.ಮೀ. ಸಮುದ್ರ ಸೇರುವ ಮುಂಚೆ ಅದನ್ನು ಅಡ್ಡಹಾಯುವುದು ಬಕಿಂಗ್‌ಹ್ಯಾಮ್ ಕಾಲುವೆ. ಆಂಧ್ರದ ಕಡೆಯಿಂದ ಚೆನ್ನೈ ಮೇಲೆ ಹಾದು ಮರಕ್ಕಾಣಂವರೆಗೆ, ಸಮುದ್ರಕ್ಕೆ ಸಮವಾಗಿ ದಡದ ಒಳಗೇ ಸಾಗುವ ಉಪ್ಪುನೀರಿನ ಕಾಲುವೆ ಅದು. ಅಲೆಗೆ ಹೆದರುವ ಸಣ್ಣ ದೋಣಿಗಳಿಗೆ ಅದೇ ಹೆದ್ದಾರಿಯಾಗಿತ್ತು.

ಅದನ್ನು ತೋಡಿಸಲು ಶುರು ಮಾಡಿದ್ದು 1806ರಲ್ಲಿ, ಬೇಸಿಲ್ ಕಾಕ್ರೇನ್ ಎಂಬ ವ್ಯಾಪಾರಿ. ಚೆನ್ನೈ ಊರೊಳಗೆ ಅಡ್ಯಾರ್ ಮತ್ತು ಕೂವಂ ನದಿಗಳನ್ನು ಜೋಡಿಸುವ ಸುಮಾರು 8 ಕಿ.ಮೀ. ತುಂಡನ್ನು ತೋಡಿದ್ದು 1877-78ರಲ್ಲಿ, ಬರಗಾಲದ ಕೂಲಿ ಕೆಲಸವಾಗಿ. ಆಗಿನ ಮದ್ರಾಸ್ ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕ್‌ನ ಹೆಸರು ಅದಕ್ಕೆ ಬಿತ್ತು. ನಮ್ಮ ಹಿರಿಯರ ಬಾಯಲ್ಲಿ ಉಳಿದಿರುವ ಧಾತು ಸಂವತ್ಸರದ ಬರ ಅದೇ. ಮೈಸೂರು ಸೀಮೆಯಲ್ಲೂ ಲಕ್ಷಾಂತರ ಜನ ಹೋದರು. ಅಂದರೆ ಆ ಕಾಲುವೆ ತೋಡಿದ್ದು ವಿಹಾರಕ್ಕಾಗಿ ಅಲ್ಲ. ಹಸಿದವರು ಒಂದು ಹೊತ್ತಿನ ಗಂಜಿಗಾಗಿ ತೋಡಿದ ಕಾಲುವೆ ಅದು.

ಅಲ್ಲಿ ದೋಣಿ ಹೇಗೆ ಹೋಗುತ್ತಿತ್ತು? ಗಾಳಿ ಇದ್ದರೆ ಹಾಯಿ ಬಿಚ್ಚುತ್ತಿದ್ದರು. ಗಾಳಿ ಬಿದ್ದರೆ ದಂಡೆಯ ಮೇಲೆ ಆಳುಗಳು ಹಗ್ಗ ಹಿಡಿದು ನಡೆಯುತ್ತಾ ಎಳೆಯುತ್ತಿದ್ದರು. ನೀರು ಆಳವಿಲ್ಲದ ಕಡೆ ಗಳ ಊರಿ ತಳ್ಳುತ್ತಿದ್ದರು. ಸಮುದ್ರದ ಏರಿಳಿತಕ್ಕೆ ಕಾಲುವೆ ಖಾಲಿಯಾಗದಂತೆ ಅಲ್ಲಲ್ಲಿ ಲಾಕ್ ಗೇಟುಗಳು. ದೋಣಿ ಒಳಗೆ ಬಂದ ಮೇಲೆ ಹಿಂದಿನ ಗೇಟು ಮುಚ್ಚಿ, ನೀರು ಸಮ ಮಾಡಿ, ಮುಂದಿನ ಗೇಟು ತೆಗೆಯುತ್ತಿದ್ದರು. ಸೌದೆ, ಉಪ್ಪು, ಅಕ್ಕಿ ಮದ್ರಾಸಿಗೆ ಹೋಗುತ್ತಿದ್ದದ್ದು ಹೀಗೆ. ಮಹಾಬಲಿಪುರ ನೋಡಲು ಹೊರಟವರು ರಾತ್ರಿ ದೋಣಿ ಹತ್ತಿ, ಮಲಗಿಕೊಂಡೇ ಹೋಗಿ ಬೆಳಿಗ್ಗೆ ಇಳಿಯುತ್ತಿದ್ದರು. ದಾರಿಯಲ್ಲಿ ಮುಟ್ಟುಕಾಡು, ಕೋವಳಂ. ಮಹಾಬಲಿಪುರ ದಾಟಿದರೆ ಡಚ್ಚರ ಕೋಟೆಯ ಸದ್ರಾಸ್, ಆಮೇಲೆ ನಮ್ಮ ಪಾಲಾರ್.

ಈಗ ಅದರ ಗತಿ? ರೈಲು, ಲಾರಿ ಬಂದು ವ್ಯಾಪಾರ ಕಿತ್ತುಕೊಂಡವು. 1965 ಮತ್ತು 66ರ ಚಂಡಮಾರುತಗಳು ದಂಡೆ ಕೆಡವಿದವು. ಹೂಳು ತುಂಬಿತು. ಚೆನ್ನೈ ನಗರದೊಳಗೆ ಚರಂಡಿ ನೀರು ಬಿಟ್ಟರು, ಮೇಲಿನ ರೈಲಿಗಾಗಿ ಕಾಲುವೆಯೊಳಗೇ ಕಂಬ ನಿಲ್ಲಿಸಿದರು. 2004ರ ಸುನಾಮಿಯಲ್ಲಿ ಅದೇ ಕಾಲುವೆ ಅಲೆಯ ಒಂದಷ್ಟು ರಭಸವನ್ನು ನುಂಗಿ ಜನರನ್ನು ಉಳಿಸಿತು ಎಂದಾಗ ಎಲ್ಲರಿಗೂ ಅದರ ನೆನಪಾಯಿತು. 2008ರಲ್ಲಿ ಸರ್ಕಾರ ಅದನ್ನು 4ನೇ ರಾಷ್ಟ್ರೀಯ ಜಲಮಾರ್ಗಕ್ಕೆ ಸೇರಿಸಿತು. ಕಾಗದದ ಮೇಲೆ ಜಲಮಾರ್ಗ ಆಯಿತು. ಆದರೆ ಮದ್ರಾಸಿಗೆ ಸೌದೆ ತರುತ್ತಿದ್ದ ಹಾಯಿದೋಣಿ ವಾಪಸ್ ಬರಲಿಲ್ಲ.

ಇದರಿಂದ ನಾವು ಕಲಿತದ್ದು ಇಷ್ಟು. ಜಲಮಾರ್ಗ ಬದುಕುವುದು ದೋಣಿಯಿಂದ ಅಲ್ಲ. ನೀರು, ದಂಡೆ, ಗೇಟು ಮತ್ತು ದಾರಿಯ ತಂಗುದಾಣಗಳನ್ನು ಯಾರಾದರೂ ದಿನಾ ನೋಡಿಕೊಂಡರೆ ಮಾತ್ರ ಬದುಕುತ್ತದೆ.

ಈಗ ನಮ್ಮ ಕೆರೆಗೆ ಬರೋಣ. ಬೇತಮಂಗಲ ಹಳೇ ಶಾಸನಗಳ ವಿಜಯಾದಿತ್ಯಮಂಗಲ, ಸಾವಿರ ವರ್ಷ ದಾಟಿದ ಊರು. ಚಿನ್ನದ ಗಣಿ ಬಂದ ಮೇಲೆ ಇಲ್ಲಿಂದಲೇ ಕೆಜಿಎಫ್‌ಗೆ ಕುಡಿಯುವ ನೀರು ಹೋಯಿತು. ಗಣಿ ದೊರೆಗಳು ರಜೆಗೆ ಬಂದು ಇಲ್ಲಿ ದೋಣಿ ಬಿಡುತ್ತಿದ್ದರು ಎಂದು ಹಳಬರು ಈಗಲೂ ಹೇಳುತ್ತಾರೆ. ಅವರು ದೋಣಿಯಲ್ಲಿದ್ದಾಗ ನಮ್ಮ ಅಜ್ಜಂದಿರು ನೆಲದ ಕೆಳಗೆ ಕಲ್ಲು ಒಡೆಯುತ್ತಿದ್ದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಮಕ್ಕಳು, ಮೊಮ್ಮಕ್ಕಳು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ, ಕೆಲಸಕ್ಕೆ ಹೋಗುವವರಾದರು.

ಆದ್ದರಿಂದ ಬೋಟಿಂಗ್ ಬಂದರೆ ನಾಲ್ಕು ಜನಕ್ಕೆ ಊರಲ್ಲೇ ಕೆಲಸ ಸಿಗುತ್ತದೆ ಎಂಬ ಆಸೆ ತಪ್ಪಲ್ಲ. ಆದರೆ ಮೊದಲು ನೀರು ನಿಲ್ಲಬೇಕಲ್ಲ? ಪಾಲಾರ್ ನಮ್ಮಲ್ಲಿ ವರ್ಷವಿಡೀ ಹರಿಯುವ ನದಿ ಅಲ್ಲ. ಒಂದು ಕೆರೆ ಕೋಡಿ ಬಿದ್ದು ಮುಂದಿನ ಕೆರೆಗೆ ಹೋಗುವ ಕೆರೆಗಳ ಸರಪಳಿ ಅದು. ಹೊಸದಾಗಿ ದೊಡ್ಡ ಅಣೆ ಕಟ್ಟುತ್ತೇವೆ ಎಂದರೆ 1892ರ ಮದ್ರಾಸ್-ಮೈಸೂರು ಒಪ್ಪಂದ ಅಡ್ಡ ಬರುತ್ತದೆ, ಅದರಲ್ಲಿ ಪಾಲಾರ್ ಹೆಸರೂ ಇದೆ. ಹಾಗಾಗಿ ನಮ್ಮ ಕೈಯಲ್ಲಿರುವುದು ಹಳೇ ಸರಪಳಿಯನ್ನು ಉಳಿಸಿಕೊಳ್ಳುವುದು. ರಾಜಕಾಲುವೆ ಒತ್ತುವರಿ, ನದಿ ಪಾತ್ರದಲ್ಲಿ ಮರಳು ಎತ್ತುವುದು, ಕೆರೆಯೊಳಗಿನ ಜಾಲಿ, ಮೇಲಿನ ನೀಲಗಿರಿ ತೋಪು: ಒಂದೊಂದೂ ಈ ಸರಪಳಿಯ ಕೊಂಡಿ ಕಳಚುತ್ತದೆ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಅದನ್ನು ನೆಚ್ಚಿಕೊಂಡು ನಮ್ಮ ಮಳೆಯ ದಾರಿ ಮುಚ್ಚಿಕೊಂಡರೆ ಅದಕ್ಕಿಂತ ದಡ್ಡತನ ಇಲ್ಲ.

ನಮ್ಮ ಅಭಿಪ್ರಾಯ ನೇರವಾಗಿ ಹೇಳುತ್ತೇವೆ. ಮೊದಲು ಸರ್ವೆ ಆಗಿ ರಾಜಕಾಲುವೆಗೆ ಗಡಿ ಕಲ್ಲು ಬೀಳಲಿ. ಊರಿನ ಚರಂಡಿ ಕೆರೆಗೆ ಬೀಳುವುದು ನಿಲ್ಲಲಿ. ಆಮೇಲೆ ದೋಣಿ ಬರಲಿ, ಆದರೆ ಡೀಸೆಲ್ ಇಂಜಿನ್ ಬೇಡ. ಕುಡಿಯುವ ನೀರಿಗಾಗಿ ಬೆಳೆಸಿದ ಕೆರೆಯಲ್ಲಿ ಎಣ್ಣೆ ಪೊರೆ ತೇಲಬಾರದು. ಹುಟ್ಟು ಹಾಕುವ ದೋಣಿ, ಪೆಡಲ್ ದೋಣಿ, ಆಷಾಢದ ಗಾಳಿಗೆ ಬೇಕಾದರೆ ಹಾಯಿದೋಣಿ. ಹತ್ತುವ ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಕಡ್ಡಾಯ. ಗುತ್ತಿಗೆ ಹೊರಗಿನವರಿಗೆ ಹೋಗದೆ, ನಡೆಸುವ ಕೆಲಸ ಊರಿನ ಸ್ತ್ರೀಶಕ್ತಿ ಸಂಘಗಳಿಗೆ, ಮೀನುಗಾರರಿಗೆ ಸಿಗಲಿ.

ತಂಗುದಾಣಗಳಿಗೂ ನಮ್ಮಲ್ಲಿ ಬರವಿಲ್ಲ. ಬಂಗಾರಪೇಟೆಯಲ್ಲಿ ರೈಲು ಇಳಿದು ಪಾನಿಪೂರಿ ತಿಂದು, ಕಮ್ಮಸಂದ್ರದ ಕೋಟಿಲಿಂಗ ನೋಡಿ, ಬೇತಮಂಗಲದ ವಿಜಯೇಂದ್ರಸ್ವಾಮಿ ಗುಡಿಗೆ ಕೈ ಮುಗಿದು ಕೆರೆಗೆ ಬರಬಹುದು. ಇನ್ನೊಂದು ದಿನ ಹೈದರಾಲಿ ಹುಟ್ಟಿದ ಬೂದಿಕೋಟೆ, ಮಾರ್ಕಂಡೇಯ ನದಿಯ ಯರಗೋಳ್ ಅಣೆಕಟ್ಟು. ಬಂದವರು ಒಂದೊಂದು ಕಡೆ ಒಂದು ಟೀ ಕುಡಿದರೂ ಆ ದುಡ್ಡು ಊರಲ್ಲೇ ಉಳಿಯುತ್ತದೆ.

ಮುಂದಿನ ಗ್ರಾಮಸಭೆಯಲ್ಲಿ ‘ಬೋಟಿಂಗ್ ಬೇಕು’ ಎಂದು ಅರ್ಜಿ ಕೊಡುವವರು ಅದರ ಮೇಲೆ ಇನ್ನೊಂದು ಸಾಲು ಸೇರಿಸಿ ಕೊಡಿ: ‘ನಮ್ಮ ಕೆರೆಗೆ ನೀರು ಬರುವ ಕಾಲುವೆಗಳ ನಕ್ಷೆ ಓದಿ ಹೇಳಿ.’ ಅಧಿಕಾರಿಗಳು ಓದುವಾಗ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ನಮಗೂ ಕಳಿಸಿ. ಯಾವ ಕಾಲುವೆ ನಕ್ಷೆಯಲ್ಲಿದ್ದು ನೆಲದ ಮೇಲೆ ಇಲ್ಲವೋ ಅದನ್ನು ಹುಡುಕಿಕೊಂಡು ನಾವೂ ನಿಮ್ಮ ಜೊತೆ ನಡೆದು ಬರುತ್ತೇವೆ, ಬರೆಯುತ್ತೇವೆ.